ಒಣಗುವ ಜಾಗ ಮೊದಲು, ಕಾರ್ಪೆಟ್ ಆಮೇಲೆ

ಮಂಗಳೂರು, ಉಡುಪಿ ಕಡೆಯ ಯಾವ ಫ್ಲ್ಯಾಟಿಗೆ ಹೋದರೂ ಮಲಗುವ ಕೋಣೆಯ ಕಪಾಟಿನ ತಲೆ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಸೂಟ್‌ಕೇಸು, ಹಳೆಯ ಮಿಕ್ಸಿಯ ಪೆಟ್ಟಿಗೆ, ಅವುಗಳ ಹಿಂದೆ ಗೋಡೆಗೆ ಒತ್ತಿಕೊಂಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಉದ್ದದ ಒಂದು ಸುರುಳಿ. ಅದು ಹಾಲ್‌ನ ಕಾರ್ಪೆಟ್. ಗೃಹಪ್ರವೇಶದ ಹೊತ್ತಿಗೆ ನೆಲದ ಮೇಲಿತ್ತು, ಒಂದು ಮಳೆಗಾಲ ಕಂಡಿತು, ಮೇಲೆ ಹತ್ತಿತು, ಮತ್ತೆ ಇಳಿಯಲಿಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಕೊಳ್ಳುವಾಗ ಯಾರೂ ಉದಾಸೀನ ಮಾಡಿದವರಲ್ಲ. ಸೋಫಾ, ಪರದೆ, ಗೋಡೆಯ ಬಣ್ಣ ಎಲ್ಲವನ್ನೂ ಹೊಂದಿಸಿ, ನಾಲ್ಕು ಅಂಗಡಿ ಸುತ್ತಿ, ಸಾಕಷ್ಟು ದುಡ್ಡು ಕೊಟ್ಟು ತಂದವರೇ. ಅಷ್ಟು ಪ್ರೀತಿಯಿಂದ ತಂದದ್ದು ಯಾಕೆ ನೆಲದ ಮೇಲೆ ನಿಲ್ಲುವುದಿಲ್ಲ ಎಂಬುದು ಬಹಳ ಸಮಯದಿಂದ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಈಚೆಗೆ ತಂಗಿ ಬಿಜೈಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದಳು. ಸಾಮಾನು ಜೋಡಿಸಿ ಆದ ಮೇಲೆ, “ಅಕ್ಕ, ಹಾಲ್‌ಗೆ ಎಂಥ ಹಾಸುವುದು ಹೇಳು” ಎಂದು ಕೇಳಿದಳು. ಆಗ ಸರಿಯಾಗಿ ಕೂತು ಯೋಚಿಸಿದೆ.

ಹಾಲ್ ಅಲಂಕಾರದ ಬಗ್ಗೆ ಎಲ್ಲಿ ಓದಿದರೂ ಲೆಕ್ಕ ಸೋಫಾದಿಂದ ಶುರುವಾಗುತ್ತದೆ. ಸೋಫಾದ ಮುಂದಿನ ಎರಡು ಕಾಲು ಕಾರ್ಪೆಟ್ಟಿನ ಮೇಲಿರಲಿ, ಸುತ್ತ ಇಷ್ಟು ಇಂಚು ನೆಲ ಬಿಡಿ, ಗೋಡೆ ತಿಳಿಬಣ್ಣದ್ದಾದರೆ ಕಾರ್ಪೆಟ್ ಗಾಢವಾಗಿರಲಿ. ಸುಳ್ಳೇನೂ ಅಲ್ಲ. ಆದರೆ ಆ ಮಾತುಗಳು ಹುಟ್ಟಿದ್ದು ಗಾಳಿ ಒಣಗಿರುವ ಊರುಗಳಲ್ಲಿ, ಬೂಟು ಹಾಕಿಕೊಂಡೇ ಒಳಗೆ ಬರುವ ಮನೆಗಳಲ್ಲಿ, ಒಮ್ಮೆ ಹಾಸಿದರೆ ವರ್ಷಗಟ್ಟಲೆ ಎತ್ತದ ರೂಢಿಯಲ್ಲಿ. ನಮ್ಮದು ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿದು ಮುಗಿಯುವ ಕರಾವಳಿ. ಇಲ್ಲಿ ಕಾರ್ಪೆಟ್ ಕೊಳ್ಳಲು ಹೊರಟವರು ಮನೆಯಿಂದ ಹೊರಡುವ ಮೊದಲೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಉಂಟು: ಇದು ಒದ್ದೆಯಾದರೆ ನಾನು ಎಲ್ಲಿ ಒಣಗಿಸುತ್ತೇನೆ? ಬಣ್ಣ, ಅಳತೆ, ನೂಲು, ದಪ್ಪ, ಎಲ್ಲಕ್ಕೂ ಉತ್ತರ ಅದರ ಹಿಂದೆಯೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ನೆಲ ಬೆವರುವ ದಿನಗಳು

ಮೊದಲ ಮಳೆ ಹಿಡಿಯುವ ಹೊತ್ತಿಗೆ ನೆಲಮಹಡಿಯ ಮನೆಗಳಲ್ಲಿ ನೆಲ ಬೆವರುವುದನ್ನು ನಮ್ಮೂರಿನಲ್ಲಿ ನೋಡದವರಿಲ್ಲ. ಯಾರೂ ಒರೆಸಿಲ್ಲ, ಆದರೂ ತೇವ. ನಡೆದರೆ ಹೆಜ್ಜೆ ಮೂಡುತ್ತದೆ. ಕಡಲ ಕಡೆಯಿಂದ ಬಂದ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ನೆಲಕ್ಕೆ ತಾಗಿ ನೀರಾಗುತ್ತದೆ, ಅಷ್ಟೇ. ಹಿಂದಿನ ಮನೆಗಳಲ್ಲಿ ಈ ನೀರಿಗೆ ಹೋಗಲು ಜಾಗ ಇತ್ತು. ಕ್ರೈಸ್ತ ಮಿಶನರಿಗಳ ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇಲ್ಲಿ ಮಾಡಿನ ಹಂಚಿನ ಜೊತೆಗೆ ನೆಲಕ್ಕೆ ಹಾಸುವ ಚೌಕ ಹಂಚೂ ತಯಾರಾಗುತ್ತಿತ್ತು. ಹಳೆಯ ಚಾವಡಿಗಳಲ್ಲಿ ಈಗಲೂ ಅದೇ ಇದೆ. ಸುಟ್ಟ ಮಣ್ಣು ಒಂದಿಷ್ಟು ತೇವ ಕುಡಿದು, ಬಿಸಿಲು ಬಂದಾಗ ಬಿಡುತ್ತದೆ. ಈಗಿನ ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರಬಾರದು ಎಂದೇ ಮಾಡಿದ್ದು. ಹಾಗಾಗಿ ನೀರು ಮೇಲೆಯೇ ನಿಲ್ಲುತ್ತದೆ. ಮೇಲೆ ಕಾರ್ಪೆಟ್ ಇದ್ದರೆ ಅದರ ಹೊಟ್ಟೆಗೆ ಹೋಗುತ್ತದೆ. ಕಾರ್ಪೆಟ್ಟಿನ ಅಡಿಗೆ ರಬ್ಬರು ಹೊದೆಸಿದ್ದರೆ ಇನ್ನೂ ಕಷ್ಟ; ಕೆಳಗಿನ ತೇವ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಮೇಲಿನ ಮಹಡಿಯವರಿಗೆ ನೆಲದ ಬೆವರು ಕಡಿಮೆ, ಗಾಳಿಯ ತೇವ ಮಾತ್ರ ಅವರಿಗೂ ಅಷ್ಟೇ ಇರುತ್ತದೆ. ಜುಲೈಯಲ್ಲಿ ಗಾಳಿಯ ಆರ್ದ್ರತೆ ಶೇ. 90ರ ಹತ್ತಿರ ಸುಳಿದಾಡುತ್ತದೆ. ಬೂಷ್ಟು ಬರಲು ಅಷ್ಟೆಲ್ಲ ಬೇಡ, ಶೇ. 70 ದಾಟಿ ಕೆಲವು ದಿನ ನಿಂತರೆ ಸಾಕು. ಧೂಳಿನ ನುಸಿಗೂ ಇದೇ ಹವೆ ಇಷ್ಟ. ಮಕ್ಕಳು ನೆಲದ ಮೇಲೆ ಮುಖ ಇಟ್ಟು ಮಲಗುವ, ಉಬ್ಬಸ ಇರುವವರು ಯಾರಾದರೂ ಇರುವ ಮನೆಯಲ್ಲಿ ಇದು ಬರಿಯ ವಾಸನೆಯ ಪ್ರಶ್ನೆ ಅಲ್ಲ.

ಕುವೈತಿನಿಂದ ಬಂದ ಕಾರ್ಪೆಟ್

ಕಟಪಾಡಿಯ ದೊಡ್ಡಮ್ಮನ ಮನೆಯಲ್ಲಿ ಒಂದು ಕಾರ್ಪೆಟ್ ಇತ್ತು. ದೊಡ್ಡಪ್ಪ ಕುವೈತಿನಲ್ಲಿದ್ದಾಗ ತಂದದ್ದು. ಕಡು ಕೆಂಪು, ನಡುವೆ ದೊಡ್ಡ ಹೂವಿನ ಚಕ್ರ, ಅಂಚಿಗೆ ಬಿಳಿ ನೂಲಿನ ಗೊಂಡೆ. ಗಲ್ಫಿಗೆ ಹೋದವರಿದ್ದ ಮನೆಗಳಲ್ಲಿ ಇಂಥದ್ದೊಂದು ಇದ್ದೇ ಇರುತ್ತಿತ್ತು. ಹುಡುಗಿ ನೋಡಲು ಬರುವ ದಿನ, ನಿಶ್ಚಿತಾರ್ಥಕ್ಕೆ, ದೀಪಾವಳಿಗೆ ಚಾವಡಿಯಲ್ಲಿ ಹಾಸುವುದು, ಆಮೇಲೆ ಸುತ್ತಿ ಮಂಚದ ಅಡಿಗೆ. ಅಲ್ಲಿ ಎಸಿ ಹಾಕಿದ ಒಣ ಕೋಣೆಯಲ್ಲಿ ವರ್ಷವಿಡೀ ಹಾಸಿಯೇ ಇರಲಿ ಎಂದು ಮಾಡಿದ ವಸ್ತು ಅದು. ಇಲ್ಲಿ ಕಿಟಕಿ ತೆರೆದೇ ಇರುವ ಮನೆ, ಹೊರಗೆ ಗದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಅದನ್ನು ತೊಳೆದದ್ದು ನನಗೆ ಚೆನ್ನಾಗಿ ನೆನಪಿದೆ. ಒಣಗಿರುವಾಗ ಇಬ್ಬರು ಎತ್ತಿ ಬಾವಿಕಟ್ಟೆಯ ಬದಿಗೆ ತಂದರು. ಅಂಗಳದಲ್ಲಿ ಹಾಸಿ, ಕೊಡಪಾನದಲ್ಲಿ ನೀರು ಸುರಿದು, ಸಾಬೂನಿನ ಹುಡಿ ಹಾಕಿ, ಬಟ್ಟೆ ಒಗೆಯುವ ಬ್ರಶ್ಶಿನಲ್ಲಿ ನಾವು ಮಕ್ಕಳು ಉಜ್ಜಿದ್ದೇ ಉಜ್ಜಿದ್ದು. ಮೊದಲು ಕಂದು ನೀರು ಬಂತು, ಆಮೇಲೆ ನಸುಗೆಂಪು. ದೊಡ್ಡಮ್ಮ ನೀರಿನ ಬಣ್ಣ ನೋಡುತ್ತಾ ನಿಂತವರು, “ಸಾಕು, ಇನ್ನು ಉಜ್ಜಿದರೆ ಹೂವೇ ಹೋಗ್ತದೆ” ಎಂದರು. ಎತ್ತಲು ಹೋದರೆ ನಾಲ್ಕು ಜನ ಸಾಲಲಿಲ್ಲ. ನೀರು ಕುಡಿದ ಮೇಲೆ ಅದರ ತೂಕವೇ ಬೇರೆ. ತೆಂಗಿನಕಾಯಿ ಕೊಯ್ಯಲು ಬಂದಿದ್ದವರೂ ಕೈಕೊಟ್ಟು ಅಂತೂ ಪಾಗಾರದ ತನಕ ಹೊತ್ತರು. ಪಾಗಾರ, ಅಂದರೆ ಕಾಂಪೌಂಡು ಗೋಡೆ, ಕೆಂಪು ಮುರಕಲ್ಲಿನದ್ದು (ಜಂಬಿಟ್ಟಿಗೆ). ನೇರ ಹಾಕಿದರೆ ಅಂಚಿನ ಬಿಳಿ ಗೊಂಡೆಗೆ ಕೆಂಪು ಹತ್ತುತ್ತದೆ ಎಂದು ದೊಡ್ಡಮ್ಮ ಮೊದಲು ಹಳೆಯ ಚಾಪೆ ತರಿಸಿ ಪಾಗಾರದ ಮೇಲೆ ಹಾಸಿಸಿದರು, ಅದರ ಮೇಲೆ ಕಾರ್ಪೆಟ್. ಕೆಳಗಿನ ಅಂಚಿನಿಂದ ನೀರು ಮಧ್ಯಾಹ್ನದವರೆಗೂ ಇಳಿಯುತ್ತಿತ್ತು. ಸಂಜೆ ಮಂಜು ಬೀಳುವ ಮೊದಲು ಒಳಗೆ, ಬೆಳಿಗ್ಗೆ ಮತ್ತೆ ಹೊರಗೆ. ಡಿಸೆಂಬರಿನ ಬಿಸಿಲಿಗೂ ಅದು ಒಂದೇ ದಿನದಲ್ಲಿ ಒಣಗಲಿಲ್ಲ. ಮೇಲೆ ಕೈಯಿಟ್ಟರೆ ಒಣಗಿದೆ ಅನ್ನಿಸುತ್ತಿತ್ತು. ದೊಡ್ಡಮ್ಮ ಮಾತ್ರ ಎಳೆಗಳನ್ನು ಬಗೆದು ಬುಡಕ್ಕೆ ಬೆರಳು ಹಾಕಿ ನೋಡಿ, “ಇಲ್ಲ, ಇನ್ನೂ ಉಂಟು” ಎನ್ನುತ್ತಿದ್ದರು.

ಆ ಮನೆಯಲ್ಲಿ ಬಾವಿಕಟ್ಟೆ ಇತ್ತು, ಅಂಗಳ ಇತ್ತು, ಉದ್ದದ ಪಾಗಾರ ಇತ್ತು, ಹೊರಲು ಜನ ಇದ್ದರು. ಬಿಜೈಯ ಮೂರನೇ ಮಹಡಿಯಲ್ಲಿ ಇದರಲ್ಲಿ ಒಂದೂ ಇಲ್ಲ. ತಂಗಿ, ಬಾವ ಇಬ್ಬರೂ ಕೆಲಸಕ್ಕೆ ಹೋಗುವವರು. ಹೋಮ್‌ ಕ್ಲೀನಿಂಗಿನವರನ್ನು ಕರೆಸಬಹುದು, ಕರೆಸುವವರೂ ಇದ್ದಾರೆ. ಅವರು ಮೆಷಿನಿನಲ್ಲಿ ಶಾಂಪೂ ಮಾಡಿ, ನೀರು ಎಳೆದು, ನಸು ಒದ್ದೆಯಲ್ಲಿ ಬಿಟ್ಟು ಹೋಗುತ್ತಾರೆ. ಬುಡದ ಆ ಉಳಿದ ತೇವವೇ ನಮ್ಮ ಊರಿನ ತೊಂದರೆ. ನಿಮ್ಮ ಮನೆಯಲ್ಲಿ ಒಬ್ಬರೇ ಎತ್ತಿ, ತೊಳೆದು, ಒಂದೆರಡು ದಿನದ ಬಿಸಿಲಿನಲ್ಲಿ ಬುಡದವರೆಗೆ ಒಣಗಿಸಲು ಆಗುವಂಥದ್ದನ್ನು ಮಾತ್ರ ತನ್ನಿ. ಉಳಿದ ಸಲಹೆಗಳನ್ನೆಲ್ಲ ನಾನು ಇದರ ನಂತರ ಇಡುತ್ತೇನೆ.

ಯಾವ ನೂಲು ಎಷ್ಟು ನೀರು ಕುಡಿಯುತ್ತದೆ

ಜವಳಿಯವರ ಲೆಕ್ಕ ಒಂದಿದೆ. ಶೇ. 65 ಆರ್ದ್ರತೆಯ ಗಾಳಿಯಲ್ಲಿ ಇಟ್ಟರೆ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವ ಹಿಡಿದುಕೊಳ್ಳುತ್ತದೆ. ಸೆಣಬು 13-14 ಗ್ರಾಂ, ಉಣ್ಣೆ 15ರ ಆಸುಪಾಸು. ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ, ಪಾಲಿಪ್ರೊಪಿಲೀನ್ ಹೆಚ್ಚುಕಡಿಮೆ ಸೊನ್ನೆ. ನಮ್ಮ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಗಾಳಿಯಲ್ಲಿ ಈ ಸಂಖ್ಯೆಗಳು ಇನ್ನೂ ಮೇಲೇರುತ್ತವೆ. ಉಣ್ಣೆಯಂತೂ ತನ್ನ ತೂಕದ ಶೇ. 30ರಷ್ಟು ತೇವ ಕುಡಿದರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಚಳಿಯ ಊರಿನಲ್ಲಿ ಅದು ದೊಡ್ಡ ಗುಣ. ಇಲ್ಲಿ ಅದೇ ಗುಣದಿಂದಾಗಿ ತೇವ ಇರುವುದು ಗೊತ್ತಾಗುವುದೇ ವಾಸನೆ ಬಂದ ಮೇಲೆ. ಕಾಶ್ಮೀರದ್ದೋ ಭದೋಹಿಯದ್ದೋ ಕೈಯಲ್ಲಿ ಗಂಟು ಹಾಕಿ ನೇಯ್ದ ಉಣ್ಣೆಯ ಕಾರ್ಪೆಟ್ ಎಷ್ಟು ಚೆಂದ ಎಂದು ನನಗೆ ಗೊತ್ತು, ಆ ಕೆಲಸದ ಮೇಲೆ ಗೌರವವೂ ಇದೆ. ಅದನ್ನು ತರುವುದಾದರೆ ನೆಲಕ್ಕೆ ಬೇಡ, ಗಾಳಿಯಾಡುವ ಗೋಡೆಗೆ ತೂಗುಹಾಕಿ, ಮಳೆಗಾಲದಲ್ಲಿ ಹಿಂಬದಿ ನೋಡುತ್ತಿರಿ ಎನ್ನುತ್ತೇನೆ.

ಸೆಣಬಿನ ದುಂಡು ರಗ್ ಈಗ ಎಲ್ಲ ಕಡೆ ಕಾಣುತ್ತದೆ. ಫೋಟೋದಲ್ಲಿ ನಮ್ಮ ಮರದ ಕುರ್ಚಿಗೆ, ಹಿತ್ತಾಳೆ ದೀಪಕ್ಕೆ ಬಹಳ ಒಪ್ಪುತ್ತದೆ. ಆದರೆ ಸೆಣಬು ನೀರು ತಾಗಿದರೆ ಬಲ ಕಳೆದುಕೊಳ್ಳುತ್ತದೆ, ಕಂದು ಕಲೆ ಬಿಡುತ್ತದೆ, ಬೂಷ್ಟಿಗೂ ಬೇಗ ಸಿಕ್ಕುತ್ತದೆ. ರೇಷ್ಮೆಯ ಹೊಳಪಿರುವ ವಿಸ್ಕೋಸ್ ರಗ್ಗು ಅದಕ್ಕಿಂತಲೂ ಸೂಕ್ಷ್ಮ. ಒದ್ದೆಯಾದಾಗ ಆ ನೂಲಿನ ಬಲ ಅರ್ಧಕ್ಕೆ ಇಳಿಯುತ್ತದೆ, ಒಂದು ಲೋಟ ನೀರು ಚೆಲ್ಲಿದರೂ ಗುರುತು ಉಳಿಯುತ್ತದೆ. ಹತ್ತಿಯದ್ದು ಇದಕ್ಕೆ ತದ್ವಿರುದ್ಧ. ಒದ್ದೆಯಾದಾಗ ಹತ್ತಿಯ ನೂಲು ಇನ್ನೂ ಗಟ್ಟಿಯಾಗುತ್ತದೆ. ಕಲ್ಲಿಗೆ ಬಡಿದು ಒಗೆದರೂ ಬೈರಾಸು (ಮೈ ಒರೆಸುವ ಬಟ್ಟೆ) ವರ್ಷಾನುಗಟ್ಟಲೆ ಬಾಳುವುದು ಇದೇ ಕಾರಣಕ್ಕೆ. ನೀರು ಕುಡಿಯುತ್ತದೆ ನಿಜ, ಆದರೆ ಎಳೆ ಎದ್ದಿರದ, ಚಪ್ಪಟೆ ನೇಯ್ಗೆಯ ಜಮಖಾನವಾದರೆ ಗಾಳಿ ಎರಡೂ ಬದಿಯಿಂದ ಹೊಕ್ಕು ಬೇಗ ಒಣಗುತ್ತದೆ. ಎರಡೂ ಮೈ ಬಳಸಬಹುದು ಎಂಬುದು ಮತ್ತೊಂದು ಲಾಭ.

ಪಾಲಿಪ್ರೊಪಿಲೀನಿನ ಬಗ್ಗೆ ಕೆಲವರಿಗೆ ತಾತ್ಸಾರ ಇದೆ, ಪ್ಲಾಸ್ಟಿಕ್ ಅಲ್ಲವಾ ಎಂದು. ನನಗಿಲ್ಲ. ನೂಲು ನೀರು ಕುಡಿಯುವುದಿಲ್ಲ, ಕೊಡವಿದರೆ ಅರ್ಧ ಒಣಗಿದ ಹಾಗೆ. ಸಣ್ಣ ಮಕ್ಕಳಿರುವ ಮನೆಗೆ, ಗಿಡ್ಡ ಎಳೆಯದ್ದು, ಹಿಂಬದಿಗೆ ಗೋಂದು ಬಳಿಯದ್ದು ಸಿಕ್ಕಿದರೆ ಒಳ್ಳೆಯ ಆಯ್ಕೆಯೇ. ಬರಿಗಾಲಿಗೆ ಹತ್ತಿಯಷ್ಟು ಹಿತವಾಗಿರುವುದಿಲ್ಲ. ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವವರು, ನೆಲದ ಮೇಲೆ ಕೂತು ಹೂ ಕಟ್ಟುವವರು, ಸೌತೆಕಾಯಿ ಹೆಚ್ಚುವವರು. ಕಾಲಿಗೆ ಹೇಗೆ ತಾಗುತ್ತದೆ ಎಂಬುದಕ್ಕೆ ಬೆಲೆ ಇದೆ. ಎಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಅಂಗಡಿಯಲ್ಲಿ

ತಂಗಿಯ ಜೊತೆ ಹಂಪನಕಟ್ಟೆಯ ಹತ್ತಿರದ ಅಂಗಡಿಯೊಂದಕ್ಕೆ ಹೋದೆ. ಮೇಲಿನ ಮಾಳಿಗೆಯಲ್ಲಿ ಕಾರ್ಪೆಟ್ಟುಗಳು. ಹುಡುಗರು ಒಂದರ ಮೇಲೊಂದು ಬಿಚ್ಚಿ ಹಾಕುತ್ತಾ ಹೋದರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲವೂ ಚೆಂದ. ತಂಗಿಗೆ ಬೂದು ಬಣ್ಣದ, ಮೆತ್ತಗೆ ಎಳೆ ಎದ್ದಿದ್ದ ಒಂದು ತುಂಬ ಹಿಡಿಸಿತು. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೇಬಿಟ್ಟಳು. ಅಲ್ಲಿ ಮಾಪಟ್ಟಿ ಹಿಡಿದುಕೊಂಡಿದ್ದ, ಸ್ವಲ್ಪ ವಯಸ್ಸಾದ ಒಬ್ಬರು ಹತ್ತಿರ ಬಂದು, “ಎದುರು ನೋಡಿ ತೆಕ್ಕೊಳ್ಬೇಡಿ ಮೇಡಂ, ಹಿಂದೆ ನೋಡಿ” ಎಂದು ಒಂದು ಮೂಲೆ ಮಗುಚಿದರು. ಹಿಂಬದಿಗೆ ಬಿಳಿ ಕ್ಯಾನ್ವಾಸಿನಂಥ ಬಟ್ಟೆ. ಅದನ್ನು ಬೆರಳಿನಲ್ಲಿ ಚಿವುಟಿ ಹಿಡಿದು, “ಇದು ಗನ್ನಿನಲ್ಲಿ ಚುಚ್ಚಿದ ನೂಲು. ಗಂಟು ಇಲ್ಲ. ನೂಲು ನಿಲ್ಲಬೇಕಲ್ಲ, ಅದಕ್ಕೆ ಒಳಗೆ ಗೋಂದು ಹಾಕಿ ಮೇಲೆ ಬಟ್ಟೆ ಅಂಟಿಸ್ತಾರೆ. ನಮ್ಮ ಸೆಕೆಗೆ, ತೇವಕ್ಕೆ ಆ ಗೋಂದು ಕೆಲವು ವರ್ಷದಲ್ಲಿ ಒಣಗಿ ಹುಡಿ ಆಗ್ತದೆ. ಗುಡಿಸುವಾಗ ಬಿಳಿ ಹುಡಿ ಬಂದ್ರೆ ಅದೇ” ಎಂದರು. ಮಾರಾಟಕ್ಕೆ ನಿಂತವರು ಹೀಗೆ ಬಿಡಿಸಿ ಹೇಳಿದ್ದು ನನಗೆ ಬಹಳ ಇಷ್ಟವಾಯಿತು.

ಆಮೇಲೆ ಅವರೇ ಮೂರು ಥರದವನ್ನು ಒಂದರ ಪಕ್ಕ ಒಂದು ಮಗುಚಿ ಹಾಕಿ ತೋರಿಸಿದರು. ಕೈಗಂಟಿನದ್ದರ ಬೆನ್ನಿನಲ್ಲಿ ಎದುರಿನ ಹೂವೇ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಗಂಟುಗಳು ಸ್ವಲ್ಪ ಏರುಪೇರಾಗಿರುತ್ತವೆ, ತುದಿಯ ಗೊಂಡೆ ಒಳಗಿನ ಹಾಸುನೂಲಿನದ್ದೇ ಮುಂದುವರಿಕೆ. ಮೆಷಿನಿನದ್ದರಲ್ಲಿ ಗೆರೆಗಳು ಒಂದೇ ಸಮ, ಗೊಂಡೆ ಆಮೇಲೆ ಹೊಲಿದದ್ದು. ಗನ್ನಿನದ್ದಕ್ಕೆ ಬಟ್ಟೆಯ ಬೆನ್ನು. ಇಷ್ಟು ಗೊತ್ತಿದ್ದರೆ ಯಾವ ಅಂಗಡಿಯಲ್ಲೂ ಅರ್ಧ ನಿಮಿಷದಲ್ಲಿ ತಿಳಿದುಕೊಳ್ಳಬಹುದು.

ಹತ್ತಿಯ ಜಮಖಾನಗಳು ಕೆಳಗಿನ ರ‍್ಯಾಕಿನಲ್ಲಿದ್ದವು, ಮಡಚಿಟ್ಟದ್ದು. ತಂಗಿ ಕರ್ಚೀಫು ನೀರಿನಲ್ಲಿ ಅದ್ದಿ ಹಿಂಡಿ, ನೀಲಿ ಪಟ್ಟೆಯ ಒಂದರ ಮೂಲೆಗೆ ಒತ್ತಿ ತಿಕ್ಕಿದಳು. ಬಿಳಿ ಬಟ್ಟೆಗೆ ನೀಲಿ ಬಂತು. ಹಾಗೆಯೇ ಇನ್ನೊಂದು, ಮತ್ತೊಂದು. ಕಾವಿ ಕೆಂಪು ಮತ್ತು ಕಪ್ಪು ಪಟ್ಟೆಯದ್ದು ಬಣ್ಣ ಬಿಡಲಿಲ್ಲ. ಅಂಗಡಿಯವರು ಬೇಸರ ಮಾಡಿಕೊಳ್ಳದೆ ನೋಡುತ್ತಿದ್ದರು. ಈ ಪರೀಕ್ಷೆ ಅಂಗಡಿಯಲ್ಲೇ ಮಾಡಬೇಕು, ಮನೆಗೆ ತಂದ ಮೇಲಲ್ಲ. ಆನ್‌ಲೈನಿನಲ್ಲಿ ತರಿಸಿದರೆ ಚೀಟಿ ಕೀಳುವ ಮೊದಲು ಮಾಡಬೇಕು.

ಜಮಖಾನ ಎಂದರೆ ನಮ್ಮ ರಾಜ್ಯದಲ್ಲಿ ನವಲಗುಂದದ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಂಗಸರು ನಿಲುವು ಮಗ್ಗದ ಎದುರು ಕೂತು ಹತ್ತಿ ನೂಲಿನಲ್ಲಿ ನೇಯುತ್ತಾರೆ. ನವಿಲು, ಪಗಡೆಯ ಹಾಸು ಅದರ ಪ್ರಸಿದ್ಧ ಚಿತ್ರಗಳು. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ತಮಿಳುನಾಡಿನ ಭವಾನಿಯ ಜಮಕ್ಕಾಳಕ್ಕೂ ಅದೇ ಮಾನ್ಯತೆ ಉಂಟು, ಅಗಲ ಪಟ್ಟೆಗಳದ್ದು. ಯಂತ್ರದ್ದಕ್ಕಿಂತ ಬೆಲೆ ಹೆಚ್ಚು ಎಂದು ಹಿಂದೆಗೆಯುವವರಿಗೆ ನಾನು ಹೇಳುವುದು ಇಷ್ಟು: ಅದೇ ದುಡ್ಡಿಗೆ ದೊಡ್ಡದು ಬರುತ್ತದೆ ಎಂದು ನೋಡಬೇಡಿ, ನಿಮ್ಮ ಹಾಲ್‌ಗೆ ದೊಡ್ಡದು ಬೇಕಾಗಿಯೇ ಇಲ್ಲ.

ಅಳತೆ, ಟೈಲ್ಸ್‌ನಲ್ಲಿ

ತಂಗಿಯ ಹಾಲ್ 10 ಅಡಿಗೆ 13 ಅಡಿ. ನಮ್ಮ ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ 2 ಅಡಿಗೆ 2 ಅಡಿಯ ಟೈಲ್ಸ್ ಇರುವುದರಿಂದ ಟೇಪು ಹುಡುಕುವ ಕೆಲಸವೇ ಇಲ್ಲ. ಎರಡು ಟೈಲ್ಸ್ ಅಗಲ, ಮೂರು ಟೈಲ್ಸ್ ಉದ್ದ ಎಂದರೆ 4×6. ಅವಳಿಗೆ 5×7 ಬೇಕೆಂದಿತ್ತು. ಪೇಪರುಗಳನ್ನು ಅಂಟಿಸಿ ಅಷ್ಟಗಲಕ್ಕೆ ಹಾಸಿ, ತೆಗೆಯದೆ ಬಿಟ್ಟು ನೋಡೋಣ ಎಂದೆ. ಮಾರನೆಯ ಬೆಳಿಗ್ಗೆಯೊಳಗೆ ಪೇಪರಿನ ಒಂದು ಮೂಲೆ ಹರಿದಿತ್ತು. ಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿ ಆ ಮೂಲೆಯ ಮೇಲೆಯೇ. ತಂಗಿಯ ಅತ್ತೆ ಕೋಲು ಹಿಡಿದು ನಡೆಯುವವರು, ಕೋಲಿನ ತುದಿ ಅಲ್ಲಿ ಸಿಕ್ಕಿಕೊಂಡಿದೆ. ಬಟ್ಟೆಯ ಅಂಚಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ವಯಸ್ಸಾದವರಿರುವ ಮನೆಯಲ್ಲಿ ನಡೆಯುವ ದಾರಿಯ ಮೇಲೆ ಕಾರ್ಪೆಟ್ಟಿನ ಅಂಚು ಬರಲೇಬಾರದು. ಬೀಳುವುದು ದಾರಿ ಬದಲಾಗುವ ಆ ಅಂಚಿನಲ್ಲೇ.

ತೂಕದ ಲೆಕ್ಕವೂ ಚಿಕ್ಕದರ ಪರವೇ. 5×7 ಅಂದರೆ 35 ಚದರ ಅಡಿ, ಸುಮಾರು 3.25 ಚದರ ಮೀಟರ್. ಚದರ ಮೀಟರಿಗೆ 2.5 ಕೆಜಿ ತೂಗುವ ಎಳೆ ಎದ್ದ ಕಾರ್ಪೆಟ್ಟಾದರೆ ಒಣ ತೂಕವೇ 8 ಕೆಜಿ. ಒದ್ದೆಯಾದಾಗ ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. 4×6ರ ಹತ್ತಿ ಜಮಖಾನ, ಚದರ ಮೀಟರಿಗೆ 1.2 ಕೆಜಿಯದ್ದಾದರೆ, ಮೂರು ಕೆಜಿಯೂ ಇಲ್ಲ. ಆಮೇಲೆ ಬಾಲ್ಕನಿಗೆ ಹೋಗಿ ಕಂಬಿ ಅಳೆದೆವು. ಎಸಿಯ ಹೊರಗಿನ ಪೆಟ್ಟಿಗೆ, ತುಳಸಿ ಕುಂಡ, ಬಟ್ಟೆಯ ಹಗ್ಗ ಎಲ್ಲ ಕಳೆದು ಕಂಬಿಯಲ್ಲಿ ಖಾಲಿ ಉಳಿದದ್ದು ನಾಲ್ಕೂವರೆ ಅಡಿ. ಐದು ಅಡಿ ಅಗಲದ್ದು ಅಲ್ಲಿ ಹರಡಿಕೊಳ್ಳುವುದಿಲ್ಲ, ಮುದುಡುತ್ತದೆ. ಮುದುಡಿದ ಕಡೆ ಒಣಗುವುದಿಲ್ಲ. 4×6 ಸರಾಗವಾಗಿ ಬೀಳುತ್ತದೆ. ಅಳತೆ ಅಲ್ಲಿಗೆ ನಿಶ್ಚಯವಾಯಿತು.

ಸೋಫಾದ ಮುಂದಿನ ಕಾಲುಗಳನ್ನು ಕಾರ್ಪೆಟ್ಟಿನ ಮೇಲೆ ಇಡುವ ರೂಢಿಯನ್ನು ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಹಾಗಿಟ್ಟರೆ ಕೋಣೆ ಒಗ್ಗಟ್ಟಾಗಿ ಕಾಣುತ್ತದೆ, ಸರಿ. ಆದರೆ ವಾರಕ್ಕೊಮ್ಮೆ ಎತ್ತಿ ಕೊಡವಲು ಸೋಫಾ ಎತ್ತಬೇಕು ಎಂದಾದರೆ ಯಾರೂ ಎತ್ತುವುದಿಲ್ಲ. ಸೋಫಾದ ಕಾಲಿನಿಂದ ಎರಡು ಮೂರು ಇಂಚು ಬಿಟ್ಟು, ಬಿಡಿಯಾಗಿ ಹಾಸಿ. ಪಟ್ಟೆ ಕೋಣೆಯ ಉದ್ದಕ್ಕೆ ಓಡುವ ಹಾಗಿದ್ದರೆ ಸಣ್ಣ ಹಾಲ್ ಉದ್ದ ಕಾಣುತ್ತದೆ. ಚಿಕ್ಕಪುಟ್ಟ ಮೂರು ತುಂಡುಗಳಿಗಿಂತ ಒಂದೇ ಹಾಸು ಲೇಸು. ಹತ್ತಿಯದ್ದು ಮೊದಲ ಒಗೆತಕ್ಕೆ ಒಂದೆರಡು ಇಂಚು ಕುಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಟೈಲ್ಸ್ ಮೇಲೆ ಜಾರದ ಹಾಗೆ ಅಡಿಗೆ ತೂತುತೂತಿನ ಜಾಲರಿ ಹಾಸು ಸಿಗುತ್ತದೆ. ಇಡೀ ರಬ್ಬರಿನ ಹಾಳೆ ಬೇಡ.

ಬಣ್ಣದ ಬಗ್ಗೆ ಒಂದೇ ಮಾತು. ನಮ್ಮದು ಮುರಕಲ್ಲಿನ ನಾಡು. ಚಪ್ಪಲಿ ಹೊರಗೆ ಬಿಟ್ಟರೂ ಮಕ್ಕಳ ಕಾಲಿನಲ್ಲಿ, ಬೆಕ್ಕಿನ ಪಾದದಲ್ಲಿ ಕೆಂಪು ಮಣ್ಣು ಒಳಗೆ ಬರುತ್ತದೆ. ಆ ಕೆಂಪು ಕಬ್ಬಿಣದ್ದು. ತಿಳಿ ಕೆನೆ ಬಣ್ಣದ ಹತ್ತಿಗೆ ಹತ್ತಿದರೆ ಸಾಬೂನಿಗೆ ಪೂರ್ತಿ ಹೋಗದು, ಬ್ಲೀಚ್ ಹಾಕಿದರೆ ಇನ್ನೂ ಕಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಮೊದಲು ಕೊಡವಿ, ಆಮೇಲೆ ನೀರು. ಕಾವಿ, ಕಂದು, ಇಟ್ಟಿಗೆ ಬಣ್ಣ ಇಲ್ಲಿ ಸುಮ್ಮನೆ ರೂಢಿಗೆ ಬಂದದ್ದಲ್ಲ.

ಮುಂಡೇವಿನ ಚಾಪೆ

ಇಷ್ಟೆಲ್ಲ ಹೇಳಿ ಚಾಪೆಯ ವಿಷಯ ಬಿಟ್ಟರೆ ನ್ಯಾಯ ಆಗುವುದಿಲ್ಲ. ಅಷ್ಟಮಿಗೆ, ಚೌತಿಗೆ ಇಡ್ಲಿ ಹಿಟ್ಟು ಬೇಯಿಸಲು ಓಲೆಯ ಮೂಡೆ ಕಟ್ಟುತ್ತೇವಲ್ಲ, ಅದೇ ಮುಂಡೇವಿನ, ಅಂದರೆ ಕೇದಗೆ ಜಾತಿಯ ಮುಳ್ಳುಗಿಡದ, ಓಲೆಯಿಂದ ನೇಯ್ದ ಚಾಪೆ ನಮ್ಮ ಅಜ್ಜಿಯ ಮನೆಯಲ್ಲಿ ಬಂದವರಿಗೆಲ್ಲ ಹಾಸುವ ಹಾಸು. ತೋಡಿನ ಬದಿಯಲ್ಲಿ, ದಂಡೆಯ ಮಣ್ಣು ಹಿಡಿದುಕೊಂಡು ಬೆಳೆಯುವ ಗಿಡ. ಎಲೆಯ ಎರಡು ಅಂಚಿಗೂ, ನಡುವಿನ ನರದ ಹಿಂದಕ್ಕೂ ಮುಳ್ಳು. ಅದನ್ನು ಸೀಳಿ ತೆಗೆದು, ಓಲೆ ಒಣಗಿಸಿ, ಸುತ್ತಿಟ್ಟು, ಒಂದೇ ಅಗಲಕ್ಕೆ ಸೀಳಿಕೊಂಡು ನೇಯುವುದು. ಹೊಸದರಲ್ಲಿ ನಸು ಹಸಿರು, ಬಳಸಿದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಸೆಕೆಗಾಲದಲ್ಲಿ ಅದರ ಮೇಲೆ ಮಲಗಿದ ತಂಪು ಯಾವ ಕಾರ್ಪೆಟ್ಟಿನಲ್ಲೂ ಇಲ್ಲ. ಅಜ್ಜಿ ಮಳೆಗಾಲಕ್ಕೆ ಮೊದಲು ಚಾಪೆಗಳನ್ನೆಲ್ಲ ಬಿಸಿಲಿಗೆ ಹಾಕಿ, ಸುತ್ತಿ, ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡಿಸುತ್ತಿದ್ದರು, ಹೊಗೆ ಆಡುವ ಜಾಗದಲ್ಲಿ. ದಿನಕ್ಕೆ ಬೇಕಾದ ಒಂದೆರಡು ಮಾತ್ರ ಕೆಳಗೆ. ಬಂದವರು ಎದ್ದು ಹೋದ ಮೇಲೆ ಚಾಪೆಯೂ ಎದ್ದು ಗೋಡೆಗೆ ಒರಗುತ್ತಿತ್ತು. ಬೇಕಾದಾಗ ಹಾಸು, ಆದ ಮೇಲೆ ಎತ್ತು. ನೆಲಕ್ಕೆ ಗಾಳಿ, ಚಾಪೆಗೆ ಗಾಳಿ. ಈ ಹವೆಯಲ್ಲಿ ಬದುಕಿದವರು ಕಂಡುಕೊಂಡ ಈ ಕ್ರಮವನ್ನು ನಾವು ಫ್ಲ್ಯಾಟಿಗೆ ಬರುವಾಗ ಬಿಟ್ಟುಬಂದಿದ್ದೇವೆ ಎಂಬುದೇ ನನಗೆ ಕೊನೆಗೆ ಸಿಕ್ಕಿದ ಉತ್ತರ. ಕಾರ್ಪೆಟ್ ಕೆಟ್ಟದ್ದಲ್ಲ, ಅದನ್ನು ಎತ್ತದೆ ಇಡಬೇಕು ಎಂದುಕೊಳ್ಳುವುದು ನಮ್ಮ ಊರಿಗೆ ಹೊಂದುವುದಿಲ್ಲ.

ಮುಂಡೇವಿನ ಚಾಪೆ ನೇಯುವವರು ಈಗ ಕಡಿಮೆ. ಸಂತೆಯಲ್ಲೋ ಜಾತ್ರೆಯಲ್ಲೋ ಕಂಡರೆ ಚೌಕಾಸಿ ಮಾಡದೆ ತನ್ನಿ. ಮುಳ್ಳು ತೆಗೆಯುವ ಕೆಲಸವನ್ನು ಒಮ್ಮೆ ನೋಡಿದರೆ ಸಾಕು, ಚೌಕಾಸಿ ಮಾಡಲು ನಾಲಿಗೆ ಏಳುವುದಿಲ್ಲ.

ಮಳೆಗಾಲದ ನಾಲ್ಕು ತಿಂಗಳು

ತಂಗಿಯ ಮನೆಯಲ್ಲಿ ಈಗ ಕ್ರಮ ಹೀಗೆ. ಮೇ ಮೂರನೇ ವಾರದ ಒಳ್ಳೆಯ ಬಿಸಿಲಿಗೆ ಜಮಖಾನ ಒಗೆದು, ಬಣ್ಣ ಮಂಕಾಗದ ಹಾಗೆ ಮಗುಚಿ ಹಾಕಿ ಒಣಗಿಸಿ, ಮಡಚದೆ ಸುತ್ತಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿಡುವುದು. ಪ್ಲಾಸ್ಟಿಕ್ ಬೇಡವೇ ಬೇಡ, ಒಳಗೆ ಉಳಿದ ಒಂದಿಷ್ಟು ತೇವ ಅಲ್ಲೇ ಬಂಧಿಯಾಗಿ ಬೂಷ್ಟು ಬರಿಸುತ್ತದೆ. ಒಳಗೆ ಒಂದು ಹಿಡಿ ಲಾವಂಚದ ಬೇರು, ವಾಸನೆಗೆ. ಕಪಾಟಿನ ಮೇಲೆ ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡುವುದು, ಮಳೆಯ ನಡುವೆ ಬಿಸಿಲು ಕಂಡ ದಿನ ಒಮ್ಮೆ ಬಿಚ್ಚಿ ನೋಡುವುದು. ಆ ನಾಲ್ಕು ತಿಂಗಳು ಹಾಲ್‌ನ ನೆಲ ಬರಿದು. ಮಗ ಆಡಲು ಕೂತಾಗ ಒಂದು ಪ್ಲಾಸ್ಟಿಕ್ ಚಾಪೆ, ಆಡಿ ಆದ ಮೇಲೆ ಅದೂ ಗೋಡೆಗೆ. ಬಾಗಿಲಿಗೆ ತೆಂಗಿನ ನಾರಿನ ಕಾಲೊರೆಸು. ನಾರಿನಲ್ಲಿ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ಅಂಶ) ಹೆಚ್ಚಿರುವುದರಿಂದ ಬೇರೆ ನಾರುಗಳಿಗಿಂತ ನಿಧಾನಕ್ಕೆ ಕೊಳೆಯುತ್ತದೆ, ಮಳೆಗಾಲಕ್ಕೆ ಅದೇ ಸರಿ.

ಒಂದು ವಿಷಯ ಮಾತ್ರ ಮನೆಯೊಳಗೆ ಬಗೆಹರಿಯುವುದಲ್ಲ. ಫ್ಲ್ಯಾಟ್ ಕಟ್ಟುವವರು ಜಿಮ್ ಕೊಡುತ್ತಾರೆ, ಪಾರ್ಟಿ ಹಾಲ್ ಕೊಡುತ್ತಾರೆ. ಜಮಖಾನ, ಹಾಸಿಗೆ, ಕಂಬಳಿ ಒಣಗಿಸಲು ಇಡೀ ಕಟ್ಟಡಕ್ಕೆ ಒಂದು ಜಾಗ ಕೊಡುವುದು ಯಾರ ನಕ್ಷೆಯಲ್ಲೂ ಇಲ್ಲ. ತಂಗಿಯ ಕಟ್ಟಡದ ತಾರಸಿಗೆ ಮಳೆ ಸೋರದಿರಲೆಂದು ಶೀಟು ಹೊದೆಸಿದ್ದಾರೆ, ನಾಲ್ಕೂ ಕಡೆ ಗಾಳಿ ಆಡುತ್ತದೆ. ಈಚೆಗೆ ನಡೆದ ಅಸೋಸಿಯೇಶನ್ ಮೀಟಿಂಗಿನಲ್ಲಿ ಅವಳು ಇದನ್ನು ಎತ್ತಿದಳು. ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಎರಡು ಕಬ್ಬಿಣದ ಪೈಪು ಅಡ್ಡ ಹಾಕಿಸಲು ಎಲ್ಲರೂ ಒಪ್ಪಿದ್ದಾರೆ. ಹಗ್ಗವಾದರೆ ನಡುವೆ ಜಗ್ಗಿ ಮಡಿಕೆ ಬೀಳುತ್ತದೆ, ಅದಕ್ಕೆ ಎರಡು ಇಂಚು ದಪ್ಪದ ಪೈಪೇ ಬೇಕು, ತುಕ್ಕು ಬಟ್ಟೆಗೆ ಹತ್ತದ ಹಾಗೆ ಪೈಂಟ್ ಮಾಡಿಸಬೇಕು, ಎತ್ತರ ನಾಲ್ಕೂವರೆ ಅಡಿ ಮೀರಬಾರದು, ಒಬ್ಬರೇ ಹೋದರೂ ಹಾಕಲು ಬರಬೇಕು ಎಂದು ಹೇಳಿ ಬಂದಿದ್ದಾಳೆ.